ಕರೊಲಿನಾ ಕೋಸ್ಟ್ನರ್: ಹೊರಗೆಲ್ಲ ಗೆದ್ದವಳು ತವರಲ್ಲಿ ಮಾತ್ರ ಯಾಕೆ ಸೋತಳು?

ಐಸ್‌ಪುರಾಣ:
ನಮ್ಮ ಈ ಫಿಗರ್ ಸ್ಕೇಟಿಂಗ್ (ಐಸ್ ಮೇಲೆ ಸಂಗೀತಕ್ಕೆ ಜಾರುತ್ತಾ ಜಿಗಿಯುವ ಆಟ) ಚರ್ಚೆಯಲ್ಲಿ ಯಾವಾಗಲೂ ಜಪಾನ್, ರಷ್ಯಾ, ಕೊರಿಯಾ ಸ್ಕೇಟರ್‌ಗಳ ಮಾತೇ ಜಾಸ್ತಿ. ಇವತ್ತು ಇಟಲಿಯ ಕರೊಲಿನಾ ಕೋಸ್ಟ್ನರ್ ಬಗ್ಗೆ ಬರೆಯೋಣ ಅನ್ನಿಸಿತು. ನನ್ನ ವಾದ ಒಂದೇ. ಈಕೆಯನ್ನು ಸೋಚಿ ಒಲಿಂಪಿಕ್ಸ್‌ನ ಕಂಚಿನಿಂದಲೋ ನೀಸ್ ವಿಶ್ವ ಚಾಂಪಿಯನ್‌ಶಿಪ್‌ನ ಚಿನ್ನದಿಂದಲೋ ಅಳೆಯಬೇಡಿ. ಮುಖ ತೋರಿಸೋಕೆ ಆಗದ ಹಾಗೆ ಸೋತ ಮೇಲೆ ಮತ್ತೆ ಎಷ್ಟು ಸಲ ಎದ್ದು ಬಂದಳು, ಅದನ್ನು ನೋಡಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1987ರ ಫೆಬ್ರವರಿ 8. 2003ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಶಿಪ್ ಕಂಚು. 2005ರಲ್ಲಿ ಮಾಸ್ಕೋದಲ್ಲಿ ಸೀನಿಯರ್ ವಿಶ್ವ ಚಾಂಪಿಯನ್‌ಶಿಪ್ ಕಂಚು, ಇರೀನಾ ಸ್ಲುಟ್ಸ್‌ಕಾಯಾ ಮತ್ತು ಸಾಶಾ ಕೋಹೆನ್ ನಂತರ. ಅದಕ್ಕೆ ಮೊದಲು ಇಟಲಿಯ ಹೆಣ್ಣುಮಗಳೊಬ್ಬಳು ಈ ಪದಕ ತಂದದ್ದು 1978ರಲ್ಲಿ, ಸುಸಾನಾ ಡ್ರಿಯಾನೊ. 2006ರ ಜನವರಿಯಲ್ಲಿ ಲಿಯಾನ್‌ನಲ್ಲಿ ಯುರೋಪಿಯನ್ ಚಾಂಪಿಯನ್‌ಶಿಪ್ ಕಂಚು. ಮುಂದಿನ ತಿಂಗಳೇ ಟ್ಯೂರಿನ್ ಒಲಿಂಪಿಕ್ಸ್. ತವರು ನೆಲದ ಒಲಿಂಪಿಕ್ಸ್‌ನಲ್ಲಿ ಇಟಲಿ ತಂಡದ ಬಾವುಟ ಹಿಡಿದು ನಡೆಯುವ ಕೆಲಸ ಇವಳಿಗೇ ಬಂತು. 19 ತುಂಬಿ ಆಗ ಎರಡೇ ದಿನ! ಸ್ಪರ್ಧೆಯಲ್ಲಿ ಬಂದದ್ದು 9ನೇ ಸ್ಥಾನ.

ಸರಿ, ಚಿಕ್ಕ ಹುಡುಗಿ, ಭಯ ಅನ್ನೋಣ. ಆಮೇಲೆ 2007ರಲ್ಲಿ ವಾರ್ಸಾದಲ್ಲಿ ಯುರೋಪಿಯನ್ ಚಿನ್ನ, ಇಟಲಿಯ ಮಹಿಳೆಗೆ ಅದು ಮೊದಲನೆಯದು. 2008ರಲ್ಲಿ ಝಾಗ್ರೆಬ್‌ನಲ್ಲಿ ಮತ್ತೆ ಚಿನ್ನ. ಅದೇ ವರ್ಷ ಗೋಥೆನ್‌ಬರ್ಗ್‌ನಲ್ಲಿ ವಿಶ್ವ ಬೆಳ್ಳಿ. ಜಪಾನ್‌ನ ಮಾವೊ ಅಸಾದಾ ಚಿನ್ನ, ಕೊರಿಯಾದ ಯುನಾ ಕಿಮ್ ಕಂಚು, ನಡುವೆ ಇವಳು! 2009ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಧೊಪ್ಪನೆ 12ಕ್ಕೆ ಬಿದ್ದಳು. 2010ರ ಜನವರಿಯಲ್ಲಿ ಟಾಲಿನ್‌ನಲ್ಲಿ ಮೂರನೇ ಯುರೋಪಿಯನ್ ಚಿನ್ನ, ಫೆಬ್ರವರಿಯಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ 16ನೇ ಸ್ಥಾನ. ಒಂದೇ ತಿಂಗಳ ಅಂತರ. ಫ್ರೀ ಸ್ಕೇಟ್‌ನಲ್ಲಿ (ಸ್ಪರ್ಧೆಯ ಎರಡನೆಯ, ಉದ್ದದ ಸುತ್ತು) ಮತ್ತೆ ಮತ್ತೆ ಬಿದ್ದಳು, ನೋಡೋಕೆ ಆಗುತ್ತಿರಲಿಲ್ಲ. ಆಮೇಲಿನ ತಿಂಗಳು ಮತ್ತೆ ಟ್ಯೂರಿನ್, ವಿಶ್ವ ಚಾಂಪಿಯನ್‌ಶಿಪ್, 6ನೇ ಸ್ಥಾನ.

ಇದರಲ್ಲಿ ಒಂದು ವಿಚಿತ್ರ ನೋಡಿ. ಮಾಸ್ಕೋಗೆ ಹೋದಾಗೆಲ್ಲ ಪದಕ: 2005, 2011ರಲ್ಲಿ ವಿಶ್ವ ಕಂಚು, 2018ರಲ್ಲಿ ಯುರೋಪಿಯನ್ ಕಂಚು. ಇಟಲಿಯಲ್ಲಿ ಆಡಿದರೆ 2006ರಲ್ಲಿ 9, 2010ರಲ್ಲಿ 6, 2018ರಲ್ಲಿ ಮಿಲಾನ್‌ನಲ್ಲಿ 4. ತವರು ಯಾಕೆ ಕೈಕೊಟ್ಟಿತು? ನಿಮಗೆ ಏನನ್ನಿಸುತ್ತದೆ ಬರೆಯಿರಿ.

ಹೊಸಬ_ಹಾಸನ:
ಅಕ್ಕಾ, ನಾನು ಈ ಆಟಕ್ಕೆ ತೀರಾ ಹೊಸಬ. ಹೆಸರು ಕೇಳಿದರೆ ಜರ್ಮನ್ ಥರ ಇದೆಯಲ್ಲ? ಇಟಲಿಯವಳು ಹೇಗೆ? ಮತ್ತೆ ಜರ್ಮನಿಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಳು ಅಂತ ಎಲ್ಲೋ ಓದಿದ್ದೆ.

ಬವೇರಿಯಾ_ಕುಡ್ಲ:
ಇದಕ್ಕೆ ನಾನೇ ಹೇಳುತ್ತೇನೆ, ಯಾಕಂದ್ರೆ ನಾನಿರುವುದು ಮ್ಯೂನಿಕ್‌ನಲ್ಲಿ. ಅವಳು ಹುಟ್ಟಿದ್ದು ಬೊಲ್ಜಾನೊ, ಬೆಳೆದದ್ದು ಒರ್ಟಿಸೈ ಅನ್ನುವ ಊರು, ಡೊಲೊಮೈಟ್ ಬೆಟ್ಟಗಳ ನಡುವೆ ವಾಲ್ ಗಾರ್ಡೇನಾ ಕಣಿವೆಯಲ್ಲಿ. ಮರದ ಕೆತ್ತನೆಗೆ, ಸ್ಕೀಯಿಂಗ್‌ಗೆ ಹೆಸರಾದ ಜಾಗ. ಆ ಸೌತ್ ಟಿರೋಲ್ ಸೀಮೆ ಮೊದಲ ಮಹಾಯುದ್ಧದವರೆಗೂ ಆಸ್ಟ್ರಿಯಾದ್ದು, ಆಮೇಲೆ ಇಟಲಿಗೆ ಸೇರಿತು. ಅಲ್ಲಿಯ ಬಹಳ ಮಂದಿಯ ಹೆಸರು ಹೀಗೆಯೇ ಇರುತ್ತದೆ. ಕಣಿವೆಯ ಸ್ವಂತ ಭಾಷೆ ಲಾಡಿನ್ ಬೇರೆ ಇದೆ. ಇವಳಿಗೆ ಲಾಡಿನ್, ಜರ್ಮನ್, ಇಟಾಲಿಯನ್ ಮೂರೂ ಬರುತ್ತವೆ, ಮೇಲೆ ಇಂಗ್ಲಿಷ್, ಫ್ರೆಂಚ್.

ಮನೆತುಂಬ ಆಟಗಾರರು ಮಾರಾಯ್ರೆ. ಅಪ್ಪ ಎರ್ವಿನ್ ಕೋಸ್ಟ್ನರ್ ಇಟಲಿಯ ಐಸ್ ಹಾಕಿ ಆಟಗಾರ. ಕಸಿನ್ ಇಸೋಲ್ಡೆ ಕೋಸ್ಟ್ನರ್ ಸ್ಕೀಯಿಂಗ್‌ನಲ್ಲಿ ಒಲಿಂಪಿಕ್ ಪದಕ ಗೆದ್ದವಳು. 2002ರ ಒಲಿಂಪಿಕ್ಸ್‌ನಲ್ಲಿ ಇಟಲಿಯ ಬಾವುಟ ಹಿಡಿದವಳು ಆ ಇಸೋಲ್ಡೆ, 2006ರಲ್ಲಿ ಈ ಕರೊಲಿನಾ. ಒಂದೇ ಮನೆತನ, ಒಂದೇ ಊರು!

ಜರ್ಮನಿಯ ವಿಷಯ ನಿಜ. 2001ರಲ್ಲಿ, ಹದಿನಾಲ್ಕರ ವಯಸ್ಸಲ್ಲಿ, ಓಬರ್ಸ್ಟ್‌ಡೋರ್ಫ್‌ಗೆ ಬಂದಳು, ಮಿಶಾಯೆಲ್ ಹೂಟ್ ಅನ್ನುವ ಕೋಚ್ ಹತ್ತಿರ. ಮ್ಯೂನಿಕ್‌ನಿಂದ ರೈಲಿನಲ್ಲಿ ಎರಡೂವರೆ ಗಂಟೆ ಹತ್ತಿರ ಆಗುತ್ತದೆ, ಜರ್ಮನಿಯ ದಕ್ಷಿಣದ ತುದಿ. ನಾನು ಹೋಗಿದ್ದೇನೆ. ಸ್ಟೇಷನ್ ಸಣ್ಣದು, ಎದುರಿಗೆ ಬೆಟ್ಟ. ಐಸ್ ರಿಂಕ್‌ನ ಕಟ್ಟಡ ನೆಬೆಲ್‌ಹಾರ್ನ್ ಬೆಟ್ಟಕ್ಕೆ ಹೋಗುವ ಕೇಬಲ್ ಕಾರ್ ಹತ್ತಿರವೇ ಇದೆ. ಸೆಪ್ಟೆಂಬರ್‌ನಲ್ಲಿ ನೆಬೆಲ್‌ಹಾರ್ನ್ ಟ್ರೋಫಿ ನಡೆಯುವುದು ಅಲ್ಲೇ. ಮಧ್ಯಾಹ್ನ ಒಳಗೆ ಹೋದರೆ ಸಣ್ಣ ಮಕ್ಕಳು ಸಾಲಾಗಿ ಸ್ಪಿನ್ ಪ್ರಾಕ್ಟೀಸ್ ಮಾಡುತ್ತಿದ್ದರು, ಬದಿಯಲ್ಲಿ ಅಜ್ಜಿಯೊಬ್ಬರು ಸ್ವೆಟರ್ ಹೆಣೆಯುತ್ತಾ ಕೂತಿದ್ದರು, ಜ್ಯಾಕೆಟ್ ಹಾಕಿಯೂ ನನಗೆ ಹಲ್ಲು ಕಟಕಟ. ಇಂಥ ಕಡೆ ಹದಿನಾಲ್ಕರ ಹುಡುಗಿ ಮನೆ ಬಿಟ್ಟು ಬಂದು ಇರುವುದು ಸಣ್ಣ ಮಾತಲ್ಲ.

ಲುಟ್ಜ್_ಲೆಕ್ಕ:
ಸ್ವಲ್ಪ ಖಾರವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 2012ರ ವಿಶ್ವ ಚಿನ್ನದ ಬಗ್ಗೆ ನನಗೆ ಯಾವಾಗಲೂ ಒಂದು ತಕರಾರು. ಆ ವರ್ಷ ಯುನಾ ಕಿಮ್ ಬಂದಿರಲಿಲ್ಲ. ಹಿಂದಿನ ವರ್ಷದ ಚಾಂಪಿಯನ್ ಮಿಕಿ ಆಂಡೊ ಬಂದಿರಲಿಲ್ಲ. ಮಾವೊ ಅಸಾದಾ ಅಮ್ಮನನ್ನು ಕಳೆದುಕೊಂಡ ಕೆಲವೇ ತಿಂಗಳಾಗಿತ್ತು, 6ನೇ ಸ್ಥಾನಕ್ಕೆ ಬಂದಳು. ಕೋಸ್ಟ್ನರ್ ಟ್ರಿಪಲ್ ಲುಟ್ಜ್ (ಗಾಳಿಯಲ್ಲಿ ಮೂರು ಸುತ್ತು ತಿರುಗುವ ಒಂದು ಜಿಗಿತ) ಇಲ್ಲದ ಪ್ರೋಗ್ರಾಂ ಇಟ್ಟುಕೊಂಡು ಗೆದ್ದಳು. ಆಕ್ಸೆಲ್ ಅನ್ನುವ ಜಿಗಿತ ಬಿಟ್ಟರೆ ಕಷ್ಟದ ಟ್ರಿಪಲ್ ಅಂದರೆ ಲುಟ್ಜ್. ಅದನ್ನೇ ಬಿಟ್ಟು ವಿಶ್ವ ಚಾಂಪಿಯನ್ ಆಗುವುದು ಅಂದರೆ ಏನು? ಸುಂದರವಾಗಿ ಜಾರುತ್ತಾಳೆ, ಒಪ್ಪಿಕೊಂಡೆ. ಆದರೆ ಇದು ಸ್ಪೋರ್ಟ್ ತಾನೆ?

ಹೊಸಬ_ಹಾಸನ:
ಲುಟ್ಜ್ ಅಂದರೆ ಏನು ಸರ್? ನನಗೆ ಎಲ್ಲ ಜಿಗಿತವೂ ಒಂದೇ ಥರ ಕಾಣುತ್ತದೆ.

ಲುಟ್ಜ್_ಲೆಕ್ಕ:
ಗಾಳಿಯಲ್ಲಿ ಎಲ್ಲ ಒಂದೇ. ನೆಲ ಬಿಡುವ ಮುಂಚೆ ನೋಡಬೇಕು. ಬ್ಲೇಡ್‌ನ ಎರಡು ಅಂಚುಗಳಲ್ಲಿ ಯಾವುದರ ಮೇಲೆ ಭಾರ ಇದೆ ಅನ್ನುವುದೇ ವ್ಯತ್ಯಾಸ. ಫ್ಲಿಪ್‌ನಲ್ಲಿ ಹಿಮ್ಮುಖವಾಗಿ ಒಳ ಅಂಚಿನ ಮೇಲೆ ಬಂದು, ಇನ್ನೊಂದು ಕಾಲಿನ ಬ್ಲೇಡ್‌ನ ಮುಂದಿನ ಹಲ್ಲನ್ನು ಐಸ್‌ಗೆ ಊರಿ ಜಿಗಿಯುತ್ತಾರೆ. ಲುಟ್ಜ್‌ನಲ್ಲೂ ಹಲ್ಲು ಊರುವುದು ಅದೇ, ಆದರೆ ಬರುವುದು ಹೊರ ಅಂಚಿನ ಮೇಲೆ. ಮೈ ಒಂದು ಕಡೆಗೆ ವಾಲುತ್ತಿರುತ್ತದೆ, ತಿರುಗಬೇಕಾದ್ದು ಅದಕ್ಕೆ ಎದುರು ದಿಕ್ಕಿಗೆ. ಅದಕ್ಕೇ ಕಷ್ಟ. ಲುಟ್ಜ್ ಅಂತ ಬಂದು ಕೊನೇ ಕ್ಷಣದಲ್ಲಿ ಒಳ ಅಂಚಿಗೆ ಜಾರಿಕೊಳ್ಳುವವರು ಬೇಕಾದಷ್ಟು ಮಂದಿ.

ಐಸ್‌ಪುರಾಣ:
ಲುಟ್ಜ್ ಸಾರ್, ನಿಮ್ಮ ಹೆಸರಲ್ಲೇ ಲೆಕ್ಕ ಇದೆ, ಲೆಕ್ಕವನ್ನೇ ಹಾಕೋಣ. ಆ ಸೀಸನ್‌ನ ಅಂಕದ ಪಟ್ಟಿಯಲ್ಲಿ ಟ್ರಿಪಲ್ ಲುಟ್ಜ್‌ಗೆ 6.0, ಫ್ಲಿಪ್‌ಗೆ 5.3, ಲೂಪ್‌ಗೆ 5.1, ಸಾಲ್ಕೋಗೆ 4.2, ಟೋ ಲೂಪ್‌ಗೆ 4.1. ಲುಟ್ಜ್ ಬದಲು ಫ್ಲಿಪ್ ಹಾಕಿದರೆ ಹೋಗುವುದು 0.7. ಆಗ ಟ್ರಿಪಲ್‌ಗಳಿಗೆ ಜಡ್ಜ್‌ಗಳು ಗುಣಮಟ್ಟಕ್ಕೆ ಒಂದು ಪ್ಲಸ್ ಕೊಟ್ಟರೆ ಬರುತ್ತಿದ್ದದ್ದೂ ಅದೇ 0.7. ಅಂದರೆ ಫ್ಲಿಪ್ ಚೆನ್ನಾಗಿ ಮಾಡಿದರೆ ಲೆಕ್ಕ ಸರಿಹೋಯಿತು. ಲುಟ್ಜ್ ಹಾಕಿ ಬಿದ್ದರೆ? ಗುಣಮಟ್ಟದಲ್ಲಿ 2.1 ಕಳೆ, ಬಿದ್ದದ್ದಕ್ಕೆ ಇನ್ನೊಂದು ಅಂಕ ಕಳೆ. ಒಟ್ಟು 3.1. ವ್ಯಾಂಕೂವರ್‌ನಲ್ಲಿ ಅವಳು ಕಲಿತ ಪಾಠ ಇದೇ ಅಲ್ವಾ?

ಗಾಯದ ಮಾತೂ ಇತ್ತು. ನೋವಿದ್ದ ಕಾಲಿಗೆ ಲುಟ್ಜ್‌ನ ಪೆಟ್ಟು ಜಾಸ್ತಿ. ಅವಳು ಬಿಟ್ಟದ್ದು ಸೋಮಾರಿತನಕ್ಕಲ್ಲ. ಇದ್ದದ್ದರಲ್ಲಿ ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ಕೂತು ಆರಿಸಿಕೊಂಡಳು. ಆ ಸೀಸನ್ ನೋಡಿ: ಡಿಸೆಂಬರ್‌ನಲ್ಲಿ ಕ್ವಿಬೆಕ್‌ನಲ್ಲಿ ಗ್ರ್ಯಾಂಡ್ ಪ್ರೀ ಫೈನಲ್ ಚಿನ್ನ, ಜನವರಿಯಲ್ಲಿ ಶೆಫೀಲ್ಡ್‌ನಲ್ಲಿ ಯುರೋಪಿಯನ್ ಚಿನ್ನ, ಮಾರ್ಚ್ ಕೊನೆಗೆ ನೀಸ್. ಶಾರ್ಟ್ ಪ್ರೋಗ್ರಾಂ (ಮೊದಲ, ಚಿಕ್ಕ ಸುತ್ತು) ಮುಗಿದಾಗ ಮೂರನೇ ಸ್ಥಾನದಲ್ಲಿದ್ದಳು. ಫ್ರೀ ಸ್ಕೇಟ್ ಮೊಜಾರ್ಟ್‌ನ 23ನೇ ಪಿಯಾನೊ ಕನ್ಚೆರ್ಟೊಗೆ. ಒಟ್ಟು 189.94. ಅಲಿಯೋನಾ ಲಿಯೊನೋವಾ ಬೆಳ್ಳಿ, ಅಕಿಕೊ ಸುಜುಕಿ ಕಂಚು. ಇಟಲಿಯ ಮಹಿಳೆಗೆ ಮೊದಲ ವಿಶ್ವ ಸಿಂಗಲ್ಸ್ ಚಿನ್ನ. ಕಿಮ್ ಇರಲಿಲ್ಲ, ನಿಜ. ಮರು ವರ್ಷ ಕೆನಡಾದ ಲಂಡನ್‌ನಲ್ಲಿ ಕಿಮ್ ಬಂದಳು, ಗೆದ್ದಳು. ಆಗ ಬೆಳ್ಳಿ ಯಾರಿಗೆ? ಇವಳಿಗೇ. ಅಸಾದಾ ಮೂರನೆಯವಳು. ಬರದವರನ್ನು ಸೋಲಿಸಲಿಲ್ಲ ಅಂತ ಯಾರನ್ನಾದರೂ ದೂರುವುದು ನ್ಯಾಯವಾ?

ಲುಟ್ಜ್_ಲೆಕ್ಕ:
ಲೆಕ್ಕ ಸರಿ ಇದೆ. ಆದರೆ ಆ ಲೆಕ್ಕ ನಡೆಯುವುದು ಕೋಸ್ಟ್ನರ್‌ಗೆ ಮಾತ್ರ. ಯಾಕಂದ್ರೆ ಅವಳಿಗೆ ಜಿಗಿತ ಬಿಟ್ಟು ಜಾರುವ ಕಲೆಗೆ ಕೊಡುವ ಎರಡನೇ ಕಾಲಮ್‌ನಲ್ಲಿ ಅಂಕ ಸುರಿಯುತ್ತಿತ್ತು, ಸ್ಕೇಟಿಂಗ್ ಸ್ಕಿಲ್ಸ್, ಇಂಟರ್‌ಪ್ರಿಟೇಷನ್ ಅಂತ ಐದು ಬಾಬ್ತು. ಆಗ ಮಹಿಳೆಯರ ಫ್ರೀಯಲ್ಲಿ ಅವಕ್ಕೆ 1.6ರ ಗುಣಕ ಇತ್ತು, ಅಂದರೆ 80ರವರೆಗೆ ಹೋಗಬಹುದಿತ್ತು. ಹೆಸರಿದ್ದವರಿಗೆ ಅಲ್ಲಿ ಕೈಬಿಚ್ಚಿ ಕೊಡುತ್ತಾರೆ. ನನ್ನ ಸಿಟ್ಟು ಜಡ್ಜ್‌ಗಳ ಮೇಲೆ, ಇವಳ ಮೇಲಲ್ಲ.

ಕ್ವಾಡ್ಸ್_ಅಮ್ಮ:
ಎರಡನೇ ಕಾಲಮ್ ಸುಮ್ನೆ ಬರುವುದಿಲ್ಲ ಸಾರ್. ನನ್ನ ಮಗಳು ಬೆಂಗಳೂರಿನಲ್ಲಿ ರೋಲರ್ ಸ್ಕೇಟಿಂಗ್ ಮಾಡುತ್ತಾಳೆ, ನಾಲ್ಕು ಗಾಲಿಯ ಕ್ವಾಡ್ಸ್‌ನಲ್ಲಿ ಆರ್ಟಿಸ್ಟಿಕ್. ಇಲ್ಲಿ ಸ್ಕೇಟಿಂಗ್ ಅಂದರೆ ಎಲ್ಲರೂ ಇನ್‌ಲೈನ್ ಹಾಕಿಕೊಂಡು ಸ್ಪೀಡ್‌ಗೇ ಓಡುತ್ತಾರೆ, ಆರ್ಟಿಸ್ಟಿಕ್‌ಗೆ ಬರುವ ಮಕ್ಕಳು ಕಡಿಮೆ. ಅವಳ ಕೋಚ್ ಪದೇ ಪದೇ ತೋರಿಸುವ ವಿಡಿಯೋ ಕೋಸ್ಟ್ನರ್‌ದೇ. ಜಂಪ್ ತೋರಿಸುವುದಿಲ್ಲ. ಜಂಪ್‌ಗಳ ನಡುವಿನ ಜಾಗ ತೋರಿಸುತ್ತಾರೆ. ವಿಡಿಯೋ ನಿಲ್ಲಿಸಿ ನಿಲ್ಲಿಸಿ "ಮಂಡಿ ನೋಡು" ಅನ್ನುತ್ತಾರೆ.

ನಾನೂ ಜೊತೆಗೆ ಕೂತು ನೋಡಿ ನೋಡಿ ಕಲಿತೆ. ಬೇರೆಯವರು ವೇಗ ಬೇಕೆಂದರೆ ನಾಲ್ಕೈದು ಸಲ ಕಾಲು ದಾಟಿಸಿ ದಾಟಿಸಿ ತಳ್ಳುತ್ತಾರೆ, ಭುಜ ಅಲ್ಲಾಡುತ್ತದೆ, ಕಷ್ಟಪಡುವುದು ಕಾಣುತ್ತದೆ. ಇವಳು ಎರಡು ಸಲ ತಳ್ಳಿದರೆ ರಿಂಕ್‌ನ ಆ ತುದಿಯಲ್ಲಿರುತ್ತಾಳೆ. ಮಂಡಿ ಆಳವಾಗಿ ಬಗ್ಗುತ್ತದೆ, ಮೇಲೇಳುವಾಗ ಅದರ ಜೊತೆಗೇ ಬ್ಲೇಡ್ ಬಾಗಿ ದೊಡ್ಡ ಕಮಾನು ಬರೆಯುತ್ತದೆ. ತಲೆ, ಭುಜ ಮಾತ್ರ ನೀರಿನ ಮೇಲೆ ತಂಬಿಗೆ ತೇಲಿದ ಹಾಗೆ, ಮೇಲೆ ಕೆಳಗೆ ಆಗುವುದೇ ಇಲ್ಲ. ಎತ್ತರದ ಹುಡುಗಿ, ಉದ್ದ ಕಾಲು. ಅಷ್ಟು ವೇಗದಲ್ಲಿ ಬಂದು ಟ್ರಿಪಲ್ ಫ್ಲಿಪ್, ಅದರ ಬೆನ್ನಿಗೇ ಟ್ರಿಪಲ್ ಟೋ ಹಾರಿದರೆ ಅರ್ಧ ರಿಂಕ್ ದಾಟಿರುತ್ತಾಳೆ. ಬಿದ್ದಾಗಲೂ ಅದೇ ವೇಗದಲ್ಲಿ ಬೀಳುತ್ತಾಳೆ, ಅದಕ್ಕೇ ನೋಡುವವರಿಗೆ ಅಷ್ಟು ಭಯ ಆಗುವುದು.

ಸೋಚಿ 2014 ನೋಡಿ. ಶಾರ್ಟ್‌ನಲ್ಲಿ ಶೂಬರ್ಟ್‌ನ ಆವೆ ಮರಿಯಾ. ಮೊದಲ ಮೂರು ಜನರ ಅಂಕ: ಕಿಮ್ 74.92, ರಷ್ಯಾದ ಸೊಟ್ನಿಕೋವಾ 74.64, ಕೋಸ್ಟ್ನರ್ 74.12. ಮೂವರ ನಡುವೆ ಒಂದು ಅಂಕವೂ ಇಲ್ಲ! ಫ್ರೀಯಲ್ಲಿ ರವೇಲ್‌ನ ಬೊಲೆರೊ. ಅದು ಮೊದಲಿನಿಂದ ಕೊನೆಯವರೆಗೂ ಒಂದೇ ತಾಳ, ಮೇಲೆ ಮೇಲೆ ವಾದ್ಯ ಸೇರುತ್ತಾ ಹೋಗುತ್ತದೆ. ಸ್ಕೇಟರ್‌ಗೆ ಇದು ಸುಲಭ ಅಲ್ಲ. ಬೇರೆ ಸಂಗೀತದಲ್ಲಿ ನಡುವೆ ನಿಧಾನದ ಭಾಗ ಬರುತ್ತದೆ, ಉಸಿರು ತೆಗೆದುಕೊಳ್ಳಬಹುದು. ಇಲ್ಲಿ ಸುಸ್ತು ಜಾಸ್ತಿ ಆಗುತ್ತಾ ಹೋದ ಹಾಗೆ ಸದ್ದೂ ಜಾಸ್ತಿ ಆಗುತ್ತದೆ. ನೃತ್ಯ ಸಂಯೋಜನೆ ಲೋರಿ ನಿಕೋಲ್. ಮೊದಲು ಕೈ ಮಾತ್ರ, ಸಣ್ಣದಾಗಿ. ಕೊನೆಗೆ ಬರುವಾಗ ಇಡೀ ಮೈ. ಆ ದಿನ ಯಾವ ಜಂಪ್‌ನಲ್ಲೂ ಬೀಳಲಿಲ್ಲ. ಲುಟ್ಜ್ ಸಾರ್ ಗಮನಿಸಿ, ಲುಟ್ಜ್ ಕೂಡ ಮತ್ತೆ ಸೇರಿಸಿಕೊಂಡಿದ್ದಳು! 142.61, ಒಟ್ಟು 216.73, ಕಂಚು. ಆವತ್ತು ಕಿಮ್ ಮತ್ತು ಸೊಟ್ನಿಕೋವಾಗೆ ಕೊಟ್ಟ ಅಂಕದ ಬಗ್ಗೆ ಜಗತ್ತೇ ಜಗಳ ಆಡಿತು, ಇವಳ ಕಂಚಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಓಟದ_ಹುಚ್ಚು:
ಎಲ್ಲರೂ ಹೊಗಳಿದ್ದಾಯಿತು. ಈಗ ಯಾರೂ ಎತ್ತದ ವಿಷಯ ನಾನು ಎತ್ತುತ್ತೇನೆ. ನಾನು ಅಥ್ಲೆಟಿಕ್ಸ್ ನೋಡುವವನು, ನನಗೆ ಕೋಸ್ಟ್ನರ್ ಗೊತ್ತಾದದ್ದೇ ಅಲೆಕ್ಸ್ ಶ್ವಾಜರ್‌ನಿಂದ. 2008ರ ಬೀಜಿಂಗ್‌ನಲ್ಲಿ 50 ಕಿಲೋಮೀಟರ್ ನಡಿಗೆಯ ಚಿನ್ನ ಗೆದ್ದವನು. ಅವನೂ ಸೌತ್ ಟಿರೋಲ್‌ನವನೇ, ಇಬ್ಬರೂ ಜೋಡಿಯಾಗಿದ್ದರು. 2012ರ ಜುಲೈ 30, ಲಂಡನ್ ಒಲಿಂಪಿಕ್ಸ್ ನಡೆಯುತ್ತಿದೆ. ಡೋಪಿಂಗ್ ಪರೀಕ್ಷೆಯವರು ಓಬರ್ಸ್ಟ್‌ಡೋರ್ಫ್‌ನಲ್ಲಿ ಇವಳ ಮನೆ ಬಾಗಿಲು ತಟ್ಟಿದರು. ಅವನು ಒಳಗೇ ಇದ್ದ. ಇವಳು ಅವನು ಇಲ್ಲ ಅಂದಳು. ಅವರು ಅವನನ್ನು ಬಿಡಲಿಲ್ಲ, ಅದೇ ದಿನ ಬೇರೆ ಕಡೆ ಸ್ಯಾಂಪಲ್ ತೆಗೆದುಕೊಂಡರು. ಇಪಿಒ (ರಕ್ತದಲ್ಲಿ ಕೆಂಪುಕಣ ಹೆಚ್ಚಿಸುವ ನಿಷೇಧಿತ ಮದ್ದು) ಸಿಕ್ಕಿತು. ಅವನು ಒಪ್ಪಿಕೊಂಡ, ಒಲಿಂಪಿಕ್ಸ್ ತಪ್ಪಿತು, ನಿಷೇಧ ಆಯಿತು.

ಇವಳಿಗೆ? 2015ರ ಜನವರಿಯಲ್ಲಿ ಇಟಲಿಯ ಒಲಿಂಪಿಕ್ ಸಮಿತಿಯ ನ್ಯಾಯಮಂಡಳಿ 16 ತಿಂಗಳ ನಿಷೇಧ ಹಾಕಿತು. ಆರೋಪ ಹೊರಿಸಿದ ಕಡೆಯ ವಕೀಲರು ಕೇಳಿದ್ದು 4 ವರ್ಷ 3 ತಿಂಗಳು. ಪರೀಕ್ಷೆ ಮಾಡುವವರ ಮುಂದೆ ಸುಳ್ಳು ಹೇಳುವುದು ಸಣ್ಣ ವಿಷಯವಾ? ಅವಳೂ ವಿಶ್ವ ಚಾಂಪಿಯನ್, ನಿಯಮ ಚೆನ್ನಾಗಿ ಗೊತ್ತು. ಅವಳ ಮನೆಗೂ ಅದೇ ಥರದವರು ಬಂದು ಸ್ಯಾಂಪಲ್ ತೆಗೆದುಕೊಂಡು ಹೋಗುತ್ತಿದ್ದರು.

ಬವೇರಿಯಾ_ಕುಡ್ಲ:
ನೀವು ಹೇಳಿದ ಘಟನೆ ನಡೆದದ್ದು ಹೌದು. ಆದರೆ ಪೂರ್ತಿ ಹೇಳಬೇಕು ಮಾರಾಯ್ರೆ. ಇವಳ ಯಾವ ಪರೀಕ್ಷೆಯಲ್ಲೂ ಏನೂ ಸಿಕ್ಕಿಲ್ಲ. ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡಳು, ಡೋಪಿಂಗ್ ಮಾಡುತ್ತಾನೆ ಅಂತ ಗೊತ್ತಿರಲಿಲ್ಲ ಅಂದಳು. ಬಾಗಿಲಲ್ಲಿ ನಿಂತ ಅರ್ಧ ನಿಮಿಷದಲ್ಲಿ, ಒಳಗಿಂದ ಪ್ರೀತಿಸುವವನು "ಇಲ್ಲ ಅನ್ನು" ಅಂದಾಗ, ಎಷ್ಟು ಜನ ನಿಯಮಾವಳಿ ನೆನಪು ಮಾಡಿಕೊಳ್ಳುತ್ತಾರೆ? ತಪ್ಪೇ. ಆದರೆ ಇಪಿಒ ಚುಚ್ಚಿಕೊಂಡವನ ತಪ್ಪಿನ ಪಕ್ಕ ಇಡುವ ತಪ್ಪಲ್ಲ.

ಓಟದ_ಹುಚ್ಚು:
ಪಕ್ಕ ಇಟ್ಟಿಲ್ಲವಲ್ಲ. ಅವನಿಗೆ ಮೂರೂವರೆ ವರ್ಷಕ್ಕೂ ಜಾಸ್ತಿ, ಇವಳಿಗೆ 16 ತಿಂಗಳು. ನಾನು ಕೇಳುವುದು ಇಷ್ಟೇ. ಆ ದಿನ ಪರೀಕ್ಷೆಯವರು ಅವಳ ಮಾತು ನಂಬಿ ವಾಪಸ್ ಹೋಗಿ ಬಿಟ್ಟಿದ್ದರೆ? ಅವನು ಲಂಡನ್‌ನಲ್ಲಿ ನಡೆಯುತ್ತಿದ್ದ. ಯಾವನೋ ಒಬ್ಬ ಸಾಚಾ ಮನುಷ್ಯನ ಪದಕ ಹೋಗುತ್ತಿತ್ತು.

ಲುಟ್ಜ್_ಲೆಕ್ಕ:
ಇಲ್ಲಿ ನಾನು ಓಟದ ಹುಚ್ಚು ಕಡೆಗೆ. ಆದರೆ ಶಿಕ್ಷೆ ಕೊಟ್ಟ ರೀತಿ ಸರಿ ಇರಲಿಲ್ಲ. ಘಟನೆ 2012ರಲ್ಲಿ, ತೀರ್ಪು 2015ರಲ್ಲಿ. ನಡುವೆ ಆಡಲು ಬಿಟ್ಟರು, ಒಲಿಂಪಿಕ್ ಪದಕವನ್ನೂ ಗೆದ್ದಳು. ತೀರ್ಪು ಬಂದಾಗ ಹೇಗೂ ವಿರಾಮದಲ್ಲಿದ್ದಳು, 2014-15ರ ಸೀಸನ್ ಆಡುವುದಿಲ್ಲ ಅಂತ ಮೊದಲೇ ಹೇಳಿದ್ದಳು. ಆಮೇಲೆ ಲೊಸಾನ್‌ನ ಕ್ರೀಡಾ ನ್ಯಾಯಾಲಯಕ್ಕೆ ಹೋಯಿತು. ಇವಳು ಕಡಿಮೆ ಮಾಡಿ ಅಂದಳು, ವಾಡಾ (ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ) ಜಾಸ್ತಿ ಮಾಡಿ ಅಂದಿತು. 2015ರ ಅಕ್ಟೋಬರ್‌ನಲ್ಲಿ ರಾಜಿ: 21 ತಿಂಗಳು, ಆದರೆ 2014ರ ಏಪ್ರಿಲ್ 1ರಿಂದ ಲೆಕ್ಕ. ಅಂದರೆ ಶಿಕ್ಷೆ ಉದ್ದ ಆಯಿತು, ಮುಗಿಯುವ ದಿನ ಮಾತ್ರ ಹತ್ತಿರ ಬಂತು, 2015ರ ಡಿಸೆಂಬರ್ 31! ಇಂಥ ಲೆಕ್ಕ ನಾನು ಎಲ್ಲೂ ನೋಡಿಲ್ಲ.

ಹೊಸಬ_ಹಾಸನ:
ಅಷ್ಟು ದಿನ ಸಂಪಾದನೆ ಹೇಗೆ? ಇಂಥವರಿಗೆ ಸಂಬಳ ಯಾರು ಕೊಡುತ್ತಾರೆ?

ಬವೇರಿಯಾ_ಕುಡ್ಲ:
ಇಟಲಿಯಲ್ಲಿ ಪೊಲೀಸ್, ಸೇನೆ ಇವುಗಳದ್ದೇ ಕ್ರೀಡಾ ತಂಡಗಳಿವೆ. ಇವಳು ಆಡಿದ್ದು ಫಿಯಮ್ಮೆ ಅಝ್ಜುರ್ರೆ ಪರವಾಗಿ, ಅದು ಜೈಲು ಪೊಲೀಸರ ತಂಡ. ನಮ್ಮಲ್ಲಿ ರೈಲ್ವೆ, ಸರ್ವಿಸಸ್ ಅಂತ ಇಲ್ಲವಾ, ಹಾಗೇ. ಜೊತೆಗೆ ಐಸ್ ಶೋಗಳಿಂದ ಹಣ ಬರುತ್ತದೆ, ಆದರೆ ನಿಷೇಧ ಇದ್ದಾಗ ಅದಕ್ಕೂ ಅಡ್ಡಿ.

ಐಸ್‌ಪುರಾಣ:
ನಿಷೇಧದ ಬಗ್ಗೆ ನನ್ನ ಅಭಿಪ್ರಾಯ: ಶಿಕ್ಷೆ ಆಗಬೇಕಿತ್ತು, ಆಯಿತು, ಅನುಭವಿಸಿದಳು. ನನಗೆ ಕುತೂಹಲ ಅದರ ನಂತರದ್ದು. ಶಿಕ್ಷೆ ಮುಗಿದಾಗ ವಯಸ್ಸು ಸುಮಾರು 29. ಮಹಿಳೆಯರ ಸಿಂಗಲ್ಸ್‌ನಲ್ಲಿ ಅದು ಅಜ್ಜಿಯ ವಯಸ್ಸು. ಒಲಿಂಪಿಕ್ ಪದಕ ಇದೆ, ವಿಶ್ವ ಚಿನ್ನ ಇದೆ. ಶೋ ಮಾಡಿಕೊಂಡು ಆರಾಮಾಗಿ ಇರಬಹುದಿತ್ತು.

ಇವಳು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ಅಲೆಕ್ಸೈ ಮಿಶಿನ್ ಹತ್ತಿರ ಸೇರಿಕೊಂಡಳು, ರಷ್ಯಾದ ಒಲಿಂಪಿಕ್ ಚಾಂಪಿಯನ್ ಪ್ಲುಶೆಂಕೊನ ಗುರು. 2016ರ ಡಿಸೆಂಬರ್‌ನಲ್ಲಿ ಝಾಗ್ರೆಬ್‌ನ ಗೋಲ್ಡನ್ ಸ್ಪಿನ್ ಗೆದ್ದು ವಾಪಸ್ ಬಂದಳು. ಮುಂದಿನ ತಿಂಗಳು ಓಸ್ಟ್ರಾವಾದಲ್ಲಿ ಯುರೋಪಿಯನ್ ಕಂಚು. 2003ರಲ್ಲಿ ಜೂನಿಯರ್ ಕಂಚು ಬಂದದ್ದೂ ಇದೇ ಓಸ್ಟ್ರಾವಾದಲ್ಲಿ! ನಡುವೆ ಹದಿನಾಲ್ಕು ವರ್ಷ. ಈ ಸಲ ಪದಕ ವೇದಿಕೆಯಲ್ಲಿ ಜೊತೆಗೆ ನಿಂತ ರಷ್ಯಾದ ಮೆಡ್ವೆದೇವಾಗೆ ಆ ಜೂನಿಯರ್ ಪದಕದ ದಿನ ಮೂರು ವರ್ಷ. 2018ರ ಜನವರಿಯಲ್ಲಿ ಮಾಸ್ಕೋದಲ್ಲಿ ಜಾಗಿಟೋವಾ, ಮೆಡ್ವೆದೇವಾ ನಂತರ ಮತ್ತೆ ಕಂಚು. ಅದು ಅವಳ 11ನೇ ಯುರೋಪಿಯನ್ ಪದಕ: ಐದು ಚಿನ್ನ, ಎರಡು ಬೆಳ್ಳಿ, ನಾಲ್ಕು ಕಂಚು. ಪಿಯಾಂಗ್‌ಚಾಂಗ್‌ನಲ್ಲಿ 5ನೇ ಸ್ಥಾನ, ಅದು ನಾಲ್ಕನೇ ಒಲಿಂಪಿಕ್ಸ್.

ಆಮೇಲೆ ಮಾರ್ಚ್‌ನಲ್ಲಿ ಮಿಲಾನ್ ವಿಶ್ವ ಚಾಂಪಿಯನ್‌ಶಿಪ್. ಇದನ್ನು ನೋಡದವರು ದಯವಿಟ್ಟು ಹುಡುಕಿ ನೋಡಿ. 31 ವರ್ಷ, ತವರಿನ ಜನ, ಶಾರ್ಟ್ ಪ್ರೋಗ್ರಾಂ. ಫ್ರೆಂಚ್ ಹಾಡು, ಬಿಟ್ಟು ಹೋಗಬೇಡ ಅಂತ ಬೇಡಿಕೊಳ್ಳುವ ಹಾಡು. ಕೊನೆಗೆ ಹೆಜ್ಜೆಗಳ ಭಾಗ ಬರುವಾಗ ಜನ ಚಪ್ಪಾಳೆ ತಟ್ಟಬೇಕಾ ಬೇಡವಾ ಅಂತ ಗೊಂದಲದಲ್ಲಿದ್ದ ಹಾಗೆ ನನಗೆ ಕಂಡಿತು, ಹಾಡು ಮುಗಿಯುತ್ತಿದ್ದ ಹಾಗೆ ಎಲ್ಲರೂ ಎದ್ದರು. 80.27! ಜೀವನದಲ್ಲೇ ಮೊದಲ ಸಲ 80 ದಾಟಿದಳು. ಒಲಿಂಪಿಕ್ ಚಾಂಪಿಯನ್ ಜಾಗಿಟೋವಾಗಿಂತ ಮುಂದೆ, ಮೊದಲ ಸ್ಥಾನ.

ಫ್ರೀಯಲ್ಲಿ ದೆಬುಸ್ಸಿಯ ಸಂಗೀತ. ಜಂಪ್‌ಗಳು ಕೈಕೊಟ್ಟವು. ಅವತ್ತು ಜಾಗಿಟೋವಾ ಕೂಡ ಮೂರು ಸಲ ಬಿದ್ದಳು, ಅಂದರೆ ಬಾಗಿಲು ತೆರೆದೇ ಇತ್ತು. ಕೆನಡಾದ ಆಸ್ಮಂಡ್ ಚಿನ್ನ, ಜಪಾನ್‌ನ ಹಿಗುಚಿ ಬೆಳ್ಳಿ, ಮಿಯಾಹರಾ ಕಂಚು, ಇವಳು 4. ಕಂಚಿಗೆ ಇದ್ದ ದೂರ ಎರಡು ಅಂಕಕ್ಕೂ ಕಡಿಮೆ. ನನಗೆ ರಾತ್ರಿ ನಿದ್ದೆ ಬರಲಿಲ್ಲ, ನಿಜವಾಗಲೂ.

ಲುಟ್ಜ್_ಲೆಕ್ಕ:
ತವರಲ್ಲಿ ಪದಕವೇ ಇಲ್ಲ ಅನ್ನುವ ಮಾತಿಗೆ ಒಂದು ಸೇರ್ಪಡೆ. 2007ರ ಡಿಸೆಂಬರ್‌ನ ಗ್ರ್ಯಾಂಡ್ ಪ್ರೀ ಫೈನಲ್ ನಡೆದದ್ದು ಟ್ಯೂರಿನ್‌ನಲ್ಲಿ, ಒಲಿಂಪಿಕ್ಸ್ ನಡೆದ ಅದೇ ಪಲವೇಲಾ ಕಟ್ಟಡದಲ್ಲಿ. ಕಿಮ್ ಚಿನ್ನ, ಅಸಾದಾ ಬೆಳ್ಳಿ, ಕೋಸ್ಟ್ನರ್ ಕಂಚು. ಹಾಗಾಗಿ ತವರಿನ ಶಾಪ, ದೃಷ್ಟಿ ಅಂತೆಲ್ಲ ಕಥೆ ಕಟ್ಟಬೇಡಿ. ಆರು ಜನರ ಸ್ಪರ್ಧೆಯಲ್ಲಿ ಅದೇ ಐಸ್ ಮೇಲೆ ಸರಿಯಾಗಿಯೇ ಆಡಿದಳು.

ಕ್ವಾಡ್ಸ್_ಅಮ್ಮ:
ಅದೇ ನೋಡಿ ವ್ಯತ್ಯಾಸ. ಗ್ರ್ಯಾಂಡ್ ಪ್ರೀ ಫೈನಲ್ ನೋಡಲು ಬರುವವರು ಸ್ಕೇಟಿಂಗ್ ಜನ. ಒಲಿಂಪಿಕ್ಸ್ ಅಂದರೆ ಇಡೀ ದೇಶ. ಬಾವುಟ ಕೊಟ್ಟ ದಿನವೇ ಅವಳ ಕೈಗೆ ಪದಕವನ್ನೂ ಕೊಟ್ಟು ಬಿಟ್ಟಿದ್ದರು, ಆಡುವ ಮುಂಚೆಯೇ. 19ರ ಹುಡುಗಿಗೆ ಅದು ಯಾಕೆ ಬೇಕಿತ್ತು? ಜಿಲ್ಲಾ ಮಟ್ಟದ ಸ್ಪರ್ಧೆಗೇ ನನ್ನ ಮಗಳು ಹಿಂದಿನ ರಾತ್ರಿ ಊಟ ಮಾಡುವುದಿಲ್ಲ.

ಓಟದ_ಹುಚ್ಚು:
ಒತ್ತಡ ಅಂದರೆ ವ್ಯಾಂಕೂವರ್‌ನಲ್ಲಿ ಯಾವ ತವರು? ಅಲ್ಲಿ 16 ಬಂತಲ್ಲ?

ಐಸ್‌ಪುರಾಣ:
ವ್ಯಾಂಕೂವರ್ ಬೇರೆ ಕಥೆ. 2009ರಲ್ಲಿ ಲಾಸ್ ಏಂಜಲೀಸ್ ಸೋಲಿನ ನಂತರ ಹೂಟ್‌ನನ್ನು ಬಿಟ್ಟು ಕ್ಯಾಲಿಫೋರ್ನಿಯಾಗೆ ಹೋದಳು, ಫ್ರ್ಯಾಂಕ್ ಕ್ಯಾರಲ್ ಹತ್ತಿರ. ಅದೇ ಕ್ಯಾರಲ್‌ನ ಶಿಷ್ಯ ಇವಾನ್ ಲೈಸಾಚೆಕ್ ವ್ಯಾಂಕೂವರ್‌ನಲ್ಲಿ ಚಿನ್ನ ಗೆದ್ದ, ಇವಳು 16. ಕೋಚ್ ಕೆಟ್ಟವನಲ್ಲ, ಇವಳಿಗೆ ಹೊಂದಲಿಲ್ಲ ಅಷ್ಟೇ. ಒಲಿಂಪಿಕ್ಸ್‌ಗೆ ಒಂದು ವರ್ಷ ಇರುವಾಗ ಹತ್ತು ಸಾವಿರ ಕಿಲೋಮೀಟರ್ ದೂರ ಹೋಗಿ ಎಲ್ಲ ಹೊಸದಾಗಿ ಶುರು ಮಾಡುವುದು ಧೈರ್ಯವೋ ಹುಚ್ಚೋ ಗೊತ್ತಿಲ್ಲ. ಆಮೇಲೆ ಆಟ ಬಿಡುವ ಯೋಚನೆ ಮಾಡಿದ್ದಳು. ಬಿಡಲಿಲ್ಲ, ವಾಪಸ್ ಓಬರ್ಸ್ಟ್‌ಡೋರ್ಫ್‌ಗೆ ಹೂಟ್ ಹತ್ತಿರ ಬಂದಳು. ಅಲ್ಲಿಂದ 2014ರವರೆಗೆ ನಾಲ್ಕು ವರ್ಷ, ನಾಲ್ಕು ವಿಶ್ವ ಪದಕ, ಒಂದೂ ತಪ್ಪಲಿಲ್ಲ: ಕಂಚು, ಚಿನ್ನ, ಬೆಳ್ಳಿ, ಕಂಚು. ಇದು 24ರಿಂದ 27ರ ವಯಸ್ಸಿನಲ್ಲಿ. ಹದಿನೈದರ ಹುಡುಗಿಯರು ಬಂದು ಗೆದ್ದು ಎರಡೇ ವರ್ಷದಲ್ಲಿ ಮಾಯವಾಗುತ್ತಿದ್ದ ಈ ಆಟದಲ್ಲಿ!

ಹೊಸಬ_ಹಾಸನ:
ಈಗ ಏನು ಮಾಡುತ್ತಿದ್ದಾರೆ ಅವರು? ಮಿಲಾನ್ ಆದ ಮೇಲೆ ಆಡಿಲ್ಲವಾ?

ಬವೇರಿಯಾ_ಕುಡ್ಲ:
ದೊಡ್ಡ ಚಾಂಪಿಯನ್‌ಶಿಪ್‌ನಲ್ಲಿ ಮಿಲಾನ್ ಕೊನೆಯದು. ಸೊಂಟದ ಕೀಲಿನ ತೊಂದರೆ ಇತ್ತು. ಶೋಗಳಲ್ಲಿ ಮಾತ್ರ ಆಡುತ್ತಿದ್ದಳು. 2023ರಿಂದ ಜಪಾನ್‌ನ ಯುಮಾ ಕಾಗಿಯಾಮಾಗೆ ಕೋಚಿಂಗ್, ಅವನ ಅಪ್ಪನ ಜೊತೆ ಸೇರಿ. ಆ ಸೀಸನ್ ಕೊನೆಗೆ ಮಾಂಟ್ರಿಯಲ್‌ನಲ್ಲಿ ಅವನಿಗೆ ವಿಶ್ವ ಬೆಳ್ಳಿ.

ಕ್ವಾಡ್ಸ್_ಅಮ್ಮ:
ಕಾಗಿಯಾಮಾ ಆಗಲೇ ಎಷ್ಟು ಚೆನ್ನಾಗಿ ಮಂಡಿ ಬಗ್ಗಿಸುತ್ತಿದ್ದ. ಈಗ ಕೈ, ಭುಜ, ಕತ್ತು ಎಲ್ಲ ಸಂಗೀತಕ್ಕೆ ಸೇರಿಕೊಂಡಿದೆ. ಆಗಿನದನ್ನೂ ಈಗಿನದನ್ನೂ ಅಕ್ಕಪಕ್ಕ ಇಟ್ಟು ನೋಡಿ, ಯಾರ ಕೈವಾಡ ಅಂತ ಗೊತ್ತಾಗುತ್ತದೆ.

ಲುಟ್ಜ್_ಲೆಕ್ಕ:
ಆ ಹುಡುಗನಿಗೆ ಲುಟ್ಜ್ ಇದೆ, ಅದಕ್ಕೆ ನನಗೆ ಇಷ್ಟ. ಐಸ್‌ಪುರಾಣ ಅವರೇ, ಮಿಲಾನ್ ಶಾರ್ಟ್ ಮತ್ತೆ ನೋಡಿದೆ, ನೀವು ಹೇಳಿದ್ದಕ್ಕೆ. 80.27ರ ಬಗ್ಗೆ ನನ್ನ ತಕರಾರಿಲ್ಲ. ನೀಸ್ ಬಗ್ಗೆ ಇನ್ನೂ ಇದೆ. ಆ ಫ್ರೀ ಸ್ಕೇಟ್‌ನ ಅಂಕಪಟ್ಟಿ ಇಲ್ಲಿ ಹಾಕಿ, ಒಂದೊಂದು ಜಂಪ್ ಹಿಡಿದು ಮಾತಾಡೋಣ.